ಎಣ್ಣೆ ನೀರಿಗೆ ಬರೀ ತೊಟ್ಟಿ ಸಾಲದು

ಮಾನ್ಯರೇ,

ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ಶೇವು-ಚೂಡಾ ಘಟಕ. ಬಾಣಲೆ ತೊಳೆದ ನೀರು ಎರಡು ತೊಟ್ಟಿ ದಾಟಿ ಹೋಗುತ್ತದೆ. ತೇಲಿದ ಜಿಡ್ಡನ್ನು ದಿನಾ ಬಳಿದು ತೆಗೆದರೂ ನೀರು ಬೆಳ್ಳಗೇ. ‘ಮಜ್ಜಿಗಿ ಯಾಕ್ ಚೆಲ್ಲಲತ್ತೀರಿ’ ಎಂದು ಪಕ್ಕದ ಕಾಕಾ ಚುಡಾಯಿಸುತ್ತಾರೆ. ಸೋಪಿನ ಜತೆ ಬೆರೆತ ಎಣ್ಣೆ ಹನಿ ಎಷ್ಟು ಸಣ್ಣದೆಂದರೆ ಮೇಲೇಳುವುದೇ ಇಲ್ಲ. ಅದನ್ನು ತಡೆಯಬಲ್ಲದ್ದು ಅಲ್ಟ್ರಾಫಿಲ್ಟ್ರೇಷನ್ ಪೊರೆ, ಅಂದರೆ ನೀರನ್ನು ಬಿಟ್ಟು ಹನಿಯನ್ನು ಹಿಡಿಯುವ ಅತಿ ಸಣ್ಣ ಜರಡಿ. ಅದರ ರಂಧ್ರ ಸುಮಾರು 0.01 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಪೊರೆಗೂ ಜಿಡ್ಡು ಕಟ್ಟುತ್ತದೆ, ಆಗಾಗ ಕಾಸ್ಟಿಕ್ ಸೋಡಾ ಹಾಕಿ ತೊಳೆಯಬೇಕು. ನನ್ನಂಥವನೊಬ್ಬನೇ ಹಾಕಿಸಿದರೆ ಲಾಭವೆಲ್ಲ ಅದಕ್ಕೇ ಸರಿ. ಹಳ್ಳ-ನದಿಗೆ ಬಿಡುವ ನೀರಿನಲ್ಲಿ ಎಣ್ಣೆ-ಗ್ರೀಸ್ ಲೀಟರಿಗೆ 10 ಮಿಲಿಗ್ರಾಂ ಮೀರಬಾರದೆಂಬ ನಿಯಮಕ್ಕೆ ನನ್ನ ತಕರಾರಿಲ್ಲ. ಹತ್ತು ಘಟಕಗಳಿಗೆ ಸೇರಿ ಒಂದು ಸಾಮೂಹಿಕ ವ್ಯವಸ್ಥೆ ಮಾಡಿಕೊಡಿ. ನಮ್ಮ ಪಾಲಿನ ಹಣ ಕಟ್ಟುತ್ತೇವೆ.

— ಶೇವು ತಯಾರಕ, ಕಲಬುರಗಿ