ಶಾಲೆಯ ದಾರಿಯನ್ನು ಆಷಾಢದಲ್ಲಿ ಅಳೆಯಿರಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ಮಲೆನಾಡಿನ ಒಬ್ಬ ತಾಯಿಯ ನಮಸ್ಕಾರಗಳು.

ನಮ್ಮೂರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಈಗ ಒಂಬತ್ತು ಮಕ್ಕಳು, ಒಬ್ಬರೇ ಮೇಷ್ಟ್ರು. ನಾನು ಅಲ್ಲಿನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ನಮ್ಮದೂ ಸೇರಿ ಸುತ್ತಲಿನ ನಾಲ್ಕು ಸಣ್ಣ ಶಾಲೆಗಳನ್ನು ದೊಡ್ಡ ಶಾಲೆಯೊಂದಕ್ಕೆ ಸೇರಿಸುತ್ತಾರಂತೆ ಎಂಬ ಸುದ್ದಿ ಹಬ್ಬಿದ ಮೇಲೆ ಊರಲ್ಲಿ ಎರಡು ಪಂಗಡ ಆಗಿದೆ. ನಮ್ಮನ್ನು ಕೂರಿಸಿ ಕೇಳಿದವರು ಇನ್ನೂ ಯಾರೂ ಇಲ್ಲ.

ವಿಲೀನಕ್ಕೆ ನಾನು ಪೂರ್ತಿ ವಿರೋಧಿಯೇನಲ್ಲ. ಮೇಷ್ಟ್ರು ಮೀಟಿಂಗಿಗೆಂದು ತಾಲೂಕಿಗೆ ಹೋದ ದಿನ ಬಿಸಿಯೂಟದ ಅಕ್ಕನೇ ಮಕ್ಕಳನ್ನು ನೋಡಿಕೊಳ್ಳಬೇಕು. ನಾಲ್ಕನೇ ತರಗತಿಯಲ್ಲಿ ನನ್ನ ಮಗಳೊಬ್ಬಳೇ. ಖೋಖೋಗೆ ಎರಡು ತಂಡ ಕಟ್ಟಲು ಮಕ್ಕಳಿಲ್ಲ. 2018-19ರಲ್ಲಿ 176 ಶಾಲೆಗಳೊಂದಿಗೆ ಶುರುವಾದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದು ಸಿಗುತ್ತದೆ. ಅದು ಯಾವ ತಾಯಿಗೆ ಬೇಡ?

ಆದರೆ ದಾರಿಯ ಮಾತು ಬಂದಾಗ ನನಗೆ ನಿದ್ದೆ ಬರುವುದಿಲ್ಲ. ಒಂದರಿಂದ ಐದರವರೆಗಿನ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟರವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎನ್ನುವುದು ಶಿಕ್ಷಣ ಹಕ್ಕಿನ ನಿಯಮ. ನಮ್ಮ ಕಡೆ ಆ ಕಿಲೋಮೀಟರ್ ತಿಂಗಳಿಗೊಂದು ಥರ ಇರುತ್ತದೆ. ಏಪ್ರಿಲ್‌ನಲ್ಲಿ ಮಗಳನ್ನು ಕರೆದುಕೊಂಡು ಆ ದೊಡ್ಡ ಶಾಲೆಗೆ ನಡೆದು ನೋಡಿದೆ. ಗದ್ದೆ ಬಯಲು ದಾಟಿ, ಹಳ್ಳಕ್ಕಿಳಿದು ಹತ್ತಿದರೆ ಅರ್ಧ ಗಂಟೆ. ಜುಲೈನಲ್ಲಿ ಮತ್ತೆ ಹೊರಟಾಗ ಹಳ್ಳ ದಾಟಲು ಹಾಕಿದ್ದ ಅಡಿಕೆ ದಬ್ಬೆಯ ಸಂಕ (ಕಾಲುಸೇತುವೆ) ಕೊಚ್ಚಿಕೊಂಡು ಹೋಗಿತ್ತು. ಸುತ್ತಿ ಬಳಸಿ ರಸ್ತೆ ಹಿಡಿದೆವು. ಒಂದೂಮುಕ್ಕಾಲು ಗಂಟೆ ಹಿಡಿಯಿತು. ಕೊಡೆ ಇದ್ದೂ ಅವಳ ಲಂಗ ಹಿಂಡುವಷ್ಟು ನೆಂದಿತ್ತು. ಉಂಬಳ (ಜಿಗಣೆ) ಕಚ್ಚಿದಲ್ಲಿಂದ ರಕ್ತ ಇಳಿದು ಬಿಳಿ ಸಾಕ್ಸು ಕೆಂಪಾಗಿತ್ತು. ಆ ಯೂನಿಫಾರಂ ರಾತ್ರಿಯಿಡೀ ಒಲೆಯ ಮೇಲೆ ನೇತುಬಿದ್ದರೂ ಬೆಳಿಗ್ಗೆ ತೇವ ಆರಿರಲಿಲ್ಲ. ದಿನಾ ಹೀಗೆ ಹೋಗಿ ಬಂದ ಮಗು ಪಾಠ ಕೇಳುವುದು ಯಾವಾಗ?

2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಎರಡನೇ ತರಗತಿಯ ಮಗು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಬಿದ್ದು ನೀರುಪಾಲಾಯಿತು. ಅಂದಿನಿಂದ ಜೋರು ಮಳೆ ಹೊಯ್ದಾಗಲೆಲ್ಲ ನಾನು ಶಾಲೆಯ ಗೇಟಿನವರೆಗೆ ಹೋಗಿ ನಿಲ್ಲುತ್ತೇನೆ.

ಹಾಗಾಗಿ ಮೊದಲು ದಾರಿ, ಆಮೇಲೆ ವಿಲೀನ. ನಕ್ಷೆ ನೋಡಿ ದೂರ ಬರೆಯುವುದನ್ನು ಬಿಟ್ಟು, ಆಷಾಢದ ಮಳೆಯಲ್ಲಿ ಎಸ್‌ಡಿಎಂಸಿಯವರನ್ನು ಜೊತೆಗೆ ಕರೆದುಕೊಂಡು ಅಳೆಸಿ. ಸಂಕದ ಜಾಗದಲ್ಲಿ ಗಟ್ಟಿ ಸೇತುವೆ ಆಗುವವರೆಗೆ, ಇಲ್ಲವೇ ಶಾಲೆಯ ವ್ಯಾನು ಊರ ಬಾಗಿಲಿಗೆ ಬರುವವರೆಗೆ ಒಂದು ಮಗುವಿನ ಟಿಸಿಯೂ ಕದಲಬಾರದು. ಸೇತುವೆ ಆದ ಮೇಲೂ ಒಂದರಿಂದ ಮೂರರವರೆಗಿನ ನಲಿಕಲಿ ಊರಲ್ಲೇ ಇರಲಿ. ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಕಲಿಯುವ ಪದ್ಧತಿ ಅದು; ಮಕ್ಕಳ ಸಂಖ್ಯೆ ಕಡಿಮೆಯಾಯಿತೆಂದು ನಿಲ್ಲಿಸಬೇಕಿಲ್ಲ. ಆರು ವರ್ಷದ ಮಗು ಅಷ್ಟು ದೂರ ನಡೆಯಬೇಕಾಗಿಯೂ ಇಲ್ಲ.

ಕಟ್ಟಡದ ಬಗ್ಗೆಯೂ ಹೇಳಬೇಕು. ನಮ್ಮದು ಹಂಚಿನ ಮಾಡು. ಹಂಚು ಹೊತ್ತ ಮರದ ಪಕಾಸಿಗೆ ಒರಲೆ (ಗೆದ್ದಲು) ಹಿಡಿದಿದೆ, ನಲಿಕಲಿ ಕೋಣೆಯ ಒಂದು ಮೂಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಕೆಟ್ ಇಟ್ಟಿರುತ್ತೇವೆ. ಕಳೆದ ಸಲ ದುರಸ್ತಿಗೆಂದು ಬಂದ ಹಣದಲ್ಲಿ ಗೋಡೆಗೆ ಬಣ್ಣ ಬಳಿದು, ಫೋಟೋ ತೆಗೆದುಕೊಂಡು ಹೋದರು. ಎಸ್ಟಿಮೇಟ್ ಬರೆದವರು ಒಮ್ಮೆ ಮಳೆಗಾಲದಲ್ಲಿ ಬಂದಿದ್ದರೆ ಆ ಬಕೆಟ್ ಕಣ್ಣಿಗೆ ಬೀಳುತ್ತಿತ್ತು. ಎಸ್‌ಡಿಎಂಸಿಗಳು 2001ರಿಂದಲೂ ಇವೆ. ಶಾಲಾ ಅಭಿವೃದ್ಧಿ ಯೋಜನೆಯನ್ನು ಶಾಲೆಯ ಸಮಿತಿಯೇ ತಯಾರಿಸಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ನೇ ಹೇಳುತ್ತದೆ. ನಮ್ಮ ಕೈಗೆ ಬರುವುದು ಮಾತ್ರ ಸಹಿ ಹಾಕಬೇಕಾದ ಕಾಗದ. ಯಾವ ಕೋಣೆ ಉಳಿಯಬೇಕು, ಯಾವುದನ್ನು ಕೆಡವಬೇಕು, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಎಲ್ಲಿಂದ ಎಂಬುದನ್ನು ನಮ್ಮನ್ನು ಕೇಳಿ ಬರೆಯಿರಿ. ದೊಡ್ಡ ಶಾಲೆಯಲ್ಲೂ ಹೊಸ ಕೋಣೆ ಎದ್ದು ನಿಂತ ಮೇಲೆ ಮಕ್ಕಳನ್ನು ಕರೆಯಿರಿ. ಈಗಾಗಲೇ ಅಲ್ಲಿ ಒಂದು ತರಗತಿ ಜಗಲಿಯಲ್ಲಿ ನಡೆಯುತ್ತಿದೆ.

ಇನ್ನು, ನಾಲ್ಕು ಮತ್ತು ಐದನೇ ತರಗತಿಯವರು ಹೋದ ಮೇಲೆ ಖಾಲಿಯಾಗುವ ಕೋಣೆ. ಆ ಜಾಗ ನಮ್ಮ ಹಿರಿಯರು ದಾನವಾಗಿ ಬಿಟ್ಟುಕೊಟ್ಟದ್ದು, ಕಲ್ಲು ಮಣ್ಣು ಹೊತ್ತವರೂ ಅವರೇ. ಅಂಗನವಾಡಿಗೋ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೋ ಅದನ್ನು ಕೊಡುವುದಾಗಿ ಈಗಲೇ ಬರಹದಲ್ಲಿ ತಿಳಿಸಿ. ಬೀಗ ಹಾಕಿದ ಹಂಚಿನ ಕಟ್ಟಡ ನಮ್ಮ ಮಳೆಗೆ ಎರಡು ವರ್ಷ ಬಾಳುವುದಿಲ್ಲ. ಬಿಸಿಯೂಟದ ಅಕ್ಕನ ಕೆಲಸದ ಕಥೆ ಏನು ಎಂಬುದೂ ಆ ಕಾಗದದಲ್ಲೇ ಇರಲಿ.

ಬರುವ ಜುಲೈನಲ್ಲಿ ತಾವೇ ಒಮ್ಮೆ ಬನ್ನಿ, ಇಲ್ಲವೇ ನಿರ್ಧಾರ ಮಾಡುವ ಅಧಿಕಾರಿಯೊಬ್ಬರನ್ನು ಕಳಿಸಿ. ಬೆಳಿಗ್ಗೆ ಎಂಟಕ್ಕೆ ನಮ್ಮ ಮನೆಯಿಂದ ಮಕ್ಕಳ ಜೊತೆಗೇ ಹೊರಡೋಣ. ಪ್ರಾರ್ಥನೆಯ ಹೊತ್ತಿಗೆ ಮುಟ್ಟುತ್ತೇವೋ ನೋಡೋಣ.

ಇಂತಿ,
ಎಸ್‌ಡಿಎಂಸಿ ಸದಸ್ಯೆ ಹಾಗೂ ನಾಲ್ಕನೇ ತರಗತಿ ಹುಡುಗಿಯ ತಾಯಿ