ವರ್ಷ ತುಂಬಿತು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ಮೊನ್ನೆ ಶಿವಮೊಗ್ಗದ ಮಕ್ಕಳ ಡಾಕ್ಟರು "ಇನ್ನು ಇವನನ್ನ ಇಲ್ಲಿ ತನಕ ಕರ್ಕೊಂಡು ಬರೋದು ಬೇಡ, ನೆಗಡಿ ಕೆಮ್ಮು ಬಂದ್ರೆ ಅಲ್ಲೇ ತೋರಿಸಿ" ಅಂದರು. ನಾವು ಬೆಂಗಳೂರು ಬಿಟ್ಟು ಬಂದು ವರ್ಷ ತುಂಬಿದ್ದೂ ಹೆಚ್ಚುಕಡಿಮೆ ಅದೇ ವಾರ. ಎರಡಕ್ಕೂ ಸೇರಿಸಿ ಒಂದೇ ಸಲ ಬರೆಯುತ್ತಿದ್ದೇನೆ. ಹೋದ ಜುಲೈಯ ಒಂದು ಮಳೆ ರಾತ್ರಿ ನಮ್ಮ ಚಿಕ್ಕ ಮಗನಿಗೆ ಜೋರು ಹುಷಾರು ತಪ್ಪಿ ಶಿವಮೊಗ್ಗದ ಆಸ್ಪತ್ರೆಗೆ ಓಡಿದ್ದೆವಲ್ಲ, ಅವನಿಗೆ ಏನಾಗಿತ್ತು, ಎಷ್ಟು ದಿನ ಆಸ್ಪತ್ರೆಯಲ್ಲಿದ್ದೆವು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಅವತ್ತು ಎಷ್ಟೋ ಜನ ಫೋನ್ ಮಾಡಿ ಮಾಡಿ, ಲೈನ್ ಸಿಗದೆ ಒದ್ದಾಡಿದ್ದೀರಿ. ಅದನ್ನು ಮತ್ತೆ ಕೆದಕುವುದಿಲ್ಲ.

ಯಾಕೆ ಬಿಟ್ಟು ಬಂದಿರಿ ಅಂತ ಇನ್ನೂ ಕೇಳುವವರಿದ್ದಾರೆ. 2024ರ ಬೇಸಿಗೆ ನೆನಪಿದೆ ಅಲ್ವಾ? ವರ್ತೂರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿತ್ತು. ಬೆಳಗ್ಗೆ ಕಣ್ಣು ಬಿಟ್ಟರೆ ವಾಟ್ಸಾಪ್ ಗ್ರೂಪಿನಲ್ಲಿ "ಟ್ಯಾಂಕರ್ ಬಂತಾ" ಅನ್ನೋದೇ ಸುಪ್ರಭಾತ. ಟ್ಯಾಂಕರಿಗೆ ಸರ್ಕಾರ ದರ ಕಟ್ಟಿದ್ದು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು, ಎಲ್ಲ ಆ ಮಾರ್ಚಿನಲ್ಲೇ. ಆದರೆ ಸುಮ್ನೆ ನೀರಿನ ಮೇಲೆ ಹಾಕಬಾರದು. ದೊಡ್ಡವಳು ಒಂದನೇ ಕ್ಲಾಸಿಗೆ ಹೋಗುವ ಹೊತ್ತು, ಚಿಕ್ಕವನು ಇನ್ನೂ ತೆವಳುತ್ತಿದ್ದ, ಇವರು ಆಫೀಸಿನಿಂದ ಮನೆ ಮುಟ್ಟುವಷ್ಟರಲ್ಲಿ ಇಬ್ಬರೂ ಮಲಗಿರುತ್ತಿದ್ದರು. ತಿಂಗಳಿಗೆ ಒಂದು ವಾರ ಆಫೀಸಿಗೆ ಬಂದರೆ ಸಾಕು ಅಂತ ಕಂಪನಿಯವರು ಒಪ್ಪಿದರು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಹತ್ತಿರ ಸ್ವಲ್ಪ ಒಳಗೆ, ಇವರ ದೊಡ್ಡಪ್ಪನ ಹೆಂಚಿನ ಮನೆ ಖಾಲಿ ಬಿದ್ದಿತ್ತು. ಹೊರಟುಬಿಟ್ಟೆವು.

ಮೊದಲು ಎಲ್ಲರಿಗೂ ಒಟ್ಟಿಗೆ ಹೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡಿ. ಫ್ರಿಜ್ಜು, ವಾಷಿಂಗ್ ಮೆಷೀನು ಲಾರಿಗೆ ಹತ್ತಿಸಿಕೊಟ್ಟ ವರ್ತೂರಿನ ಗೆಳೆಯರಿಗೆ, ಮಳೆ ಹಿಡಿಯುವ ಮುಂಚೆ ಮಾಡಿನ ಒಡೆದ ಹೆಂಚೆಲ್ಲ ತೆಗೆದು ಬೇರೆ ಹೊದಿಸಿಕೊಟ್ಟ ಭಾವನವರಿಗೆ, ಮರದ ಕೊಂಬೆ ಬಿದ್ದು ಫೈಬರ್ ಲೈನು ಹರಿದಾಗೆಲ್ಲ ಬಂದು ಜೋಡಿಸಿದ ಹುಡುಗನಿಗೆ, ಸುರಿಯುವ ಮಳೆಯಲ್ಲೂ ಕಂಬ ಹತ್ತುವ ಮೆಸ್ಕಾಂ ಲೈನ್‌ಮನ್ ಅಣ್ಣಂದಿರಿಗೆ, "ಕನ್ನಡದಲ್ಲಿ ಬರೆಯೋಕೆ ಬರಲ್ಲ" ಅಂತ ಅಳುತ್ತಿದ್ದ ಮಗಳನ್ನು ಪಕ್ಕ ಕೂರಿಸಿಕೊಂಡು ಕಾಗುಣಿತ ತಿದ್ದಿಸಿದ ಶಾಲೆಯ ಮೇಡಂಗೆ, ನಾವು ಕರೆಯದೇ ಇದ್ದರೂ ಊಟದ ಡಬ್ಬಿ ಹಿಡಿದು ಆಸ್ಪತ್ರೆಗೆ ಬಂದ ಶಿವಮೊಗ್ಗದ ಅತ್ತೆ ಮಾವನಿಗೆ, ತುಂಬಾ ತುಂಬಾ ಥ್ಯಾಂಕ್ಸ್.

ನಮ್ಮ ಆಶಾ ಕಾರ್ಯಕರ್ತೆಗೆ ಬೇರೆಯಾಗಿ ಹೇಳಬೇಕು. ಮಂಗನ ಕಾಯಿಲೆ ಅಂದರೆ ನನಗೆ ಪೇಪರಿನಲ್ಲಿ ಓದಿದ್ದು ಅಷ್ಟೇ. 1957ರಲ್ಲಿ ಮೊದಲು ಕಾಣಿಸಿಕೊಂಡಿದ್ದು ನಮ್ಮ ಜಿಲ್ಲೆಯದೇ ಸೊರಬದ ಕ್ಯಾಸನೂರು ಕಾಡಿನಲ್ಲಿ, ಚಳಿಗಾಲದಿಂದ ಬೇಸಿಗೆ ತನಕ ಹುಷಾರಾಗಿರಬೇಕು ಅಂತ ಜಗಲಿ ಮೇಲೆ ಕೂತು ಬಿಡಿಸಿ ಹೇಳಿದ್ದು ಅವರೇ. ಕಾಯಿಲೆ ಹರಡೋದು ಉಣುಗು ಅನ್ನೋ ರಕ್ತ ಹೀರುವ ಸಣ್ಣ ಹುಳದಿಂದ, ಅದು ಕಚ್ಚದ ಹಾಗೆ ಕಾಡಿಗೆ ಕಾಲಿಡುವ ಮುಂಚೆ ಹಚ್ಚಿಕೊಳ್ಳೋಕೆ ಎಣ್ಣೆ ಬಾಟಲಿ ಕೊಟ್ಟರು. ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆಯೆಲ್ಲ ಒಗೆಯೋಕೆ ಹಾಕಿ, ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ನಮಗೆ ಹೇಳಿ ಅಂದರು. ಮಗಳಿಗೆ ಉಣುಗು ಹೇಗಿರುತ್ತೆ ಅಂತ ಬೆರಳ ತುದಿಯಲ್ಲಿ ಅಳತೆ ಬೇರೆ ತೋರಿಸಿದರು. ಅವಳೀಗ ಮನೆಗೆ ಬಂದವರಿಗೆಲ್ಲ ಕಾಲು ನೋಡ್ಕೊಳ್ಳಿ ಅಂತ ಆರ್ಡರ್ ಮಾಡುತ್ತಾಳೆ.

ಇನ್ನು ಮೇಲಿನಮನೆ ಅಕ್ಕ.

ಹೆಸರು ಹಾಕಬೇಡ ಅಂದಿದ್ದಾರೆ. "ನಂಗೆ ಅದೆಲ್ಲ ಆಗಲ್ಲ ಮಾರಾಯ್ತಿ" ಅಂತ. ನಮ್ಮ ಮನೆಯಿಂದ ಧರೆ, ಅಂದರೆ ಕಡಿದಾದ ಮಣ್ಣಿನ ಏರು, ಹತ್ತಿದರೆ ಅವರ ಅಂಗಳ. ಜುಲೈ ತನಕ ನಮ್ಮ ನಡುವೆ ಇದ್ದಿದ್ದು ಕಂಡಾಗ ಒಂದು ನಗು, ಒಂದೆರಡು ಸಲ ಪಾತ್ರೆಯಲ್ಲಿ ಕಳಲೆ ಪಲ್ಯ, ಅಷ್ಟೇ.

ಇಲ್ಲಿನ ಮಳೆ ಎಂಥದ್ದು ಅಂತ ಬೆಂಗಳೂರಿನವರಿಗೆ ಹೇಗೆ ಹೇಳೋದು. ಅಲ್ಲಿ ವರ್ಷವಿಡೀ ಬೀಳುವುದು ಸಾವಿರ ಮಿಲಿಮೀಟರಿನ ಆಸುಪಾಸು. ಪಕ್ಕದ ಆಗುಂಬೆಯಲ್ಲಿ 7000 ದಾಟುತ್ತದೆ, ಅದರಲ್ಲಿ ಮುಕ್ಕಾಲುಪಾಲು ನಾಲ್ಕೇ ತಿಂಗಳಿನಲ್ಲಿ. ಚಿಕ್ಕವನಿಗೆ ಹುಷಾರು ತಪ್ಪಿದ ಆ ರಾತ್ರಿಯ ಹೊತ್ತಿಗೆ ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಟವರಿನ ಬ್ಯಾಟರಿ ಮುಗಿದು ಮೊಬೈಲ್ ಸತ್ತಿತ್ತು. ಇವರು ಬೆಂಗಳೂರಿನಲ್ಲಿ, ಅವರ ಆಫೀಸಿನ ವಾರ. ಹೆಂಚಿನ ಮೇಲೆ ಬೀಳುವ ಸದ್ದಿಗೆ ನಾನು ಕಿರುಚಿದರೂ ಧರೆ ಮೇಲಿನವರಿಗೆ ಕೇಳುವ ಹಾಗಿರಲಿಲ್ಲ. ಕಿರುಚಿದೆ ಕೂಡ.

ಅಕ್ಕ ಬಂದಿದ್ದು ಕೂಗು ಕೇಳಿ ಅಲ್ಲ. ದನ ಯಾಕೋ ಗಲಾಟೆ ಮಾಡುತ್ತಿದೆ ಅಂತ ಕೊಟ್ಟಿಗೆಗೆ ಹೋದವರಿಗೆ, ನಮ್ಮ ಕಿಟಕಿಯಲ್ಲಿ ಬೆಳಕು ಆ ಕಡೆಯಿಂದ ಈ ಕಡೆಗೆ ಓಡಾಡುವುದು ಕಂಡಿದೆ. ಅದು ನನ್ನ ಫೋನಿನ ಟಾರ್ಚು. ಅಷ್ಟಕ್ಕೇ ಅವರು ಪ್ಲಾಸ್ಟಿಕ್ ಕೊಪ್ಪೆ ತಲೆಗೆ ಹಾಕಿಕೊಂಡು, ಬ್ಯಾಟ್ರಿ ಹಿಡಿದು, ಆ ಜಾರುವ ಧರೆ ಇಳಿದು ಬಂದರು. ಬಂದವರು ಏನಾಯ್ತು ಅಂತ ಕೇಳಲಿಲ್ಲ. ಮಗುವಿನ ಹಣೆ ಮುಟ್ಟಿದರು, ಮುಖ ನೋಡಿದರು, "ಚೀಲಕ್ಕೆ ಎರಡು ಜೊತೆ ಬಟ್ಟೆ ಹಾಕು" ಅಂದು ಹಾಗೇ ವಾಪಸ್ ಓಡಿದರು. ಸ್ವಲ್ಪ ಹೊತ್ತಿಗೆ ಅವರ ಮೈದುನ ಓಮ್ನಿ ತಂದು ನಿಲ್ಲಿಸಿದರು. ಮಲಗಿದ್ದ ಮಗಳನ್ನು ಕಂಬಳಿ ಸಮೇತ ಎತ್ತಿಕೊಂಡು ಹೋಗಿ ಅವರ ಅತ್ತೆ ಪಕ್ಕ ಮಲಗಿಸಿದರು. ಅವಳು ಎದ್ದಿದ್ದು ಬೆಳಗ್ಗೆ, ಯಾರದೋ ಮನೆಯ ಬಚ್ಚಲು ಒಲೆ ಹೊಗೆಗೆ.

ದೊಡ್ಡ ಆಸ್ಪತ್ರೆಗೆ ಮಣಿಪಾಲವೋ ಶಿವಮೊಗ್ಗವೋ ಅನ್ನೋದು ಇಲ್ಲಿನವರಿಗೆಲ್ಲ ಗೊತ್ತಿರುವ ಪ್ರಶ್ನೆ. ಆ ಮಳೆಯಲ್ಲಿ, ಆ ಮಂಜಿನಲ್ಲಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗೋದು ಬೇಡ ಅಂದರು ಮೈದುನ. ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸೆ ಕೊಟ್ಟು ಮುಂದಕ್ಕೆ ಕಳಿಸಿದರು. ಆಂಬುಲೆನ್ಸ್ ಬೇರೆ ಕೇಸಿಗೆ ಹೋಗಿತ್ತು. ಮತ್ತೆ ಅದೇ ಓಮ್ನಿ. ತುಂಗೆ ಪಕ್ಕದ ರಸ್ತೆಯಲ್ಲಿ ಅರವತ್ತಕ್ಕೂ ಜಾಸ್ತಿ ಕಿಲೋಮೀಟರು. ಮಂಡಗದ್ದೆ ಹತ್ತಿರ ಮರದ ಕೊಂಬೆ ಅಡ್ಡ ಬಿದ್ದಿತ್ತು. ಮೈದುನ ಸೀಟಿನ ಕೆಳಗಿಂದ ಕತ್ತಿ ತೆಗೆದು, ಎದುರು ಬಂದ ಲಾರಿಯವರ ಜೊತೆ ಸೇರಿ ಕಡಿದು ಸರಿಸಿದರು. ಮಳೆಗಾಲದಲ್ಲಿ ಇಲ್ಲಿ ಗಾಡಿಯಲ್ಲಿ ಕತ್ತಿ ಯಾಕೆ ಇಟ್ಟುಕೊಳ್ಳುತ್ತಾರೆ ಅಂತ ಅವತ್ತು ಗೊತ್ತಾಯಿತು.

ಆ ದಾರಿಯುದ್ದಕ್ಕೂ ಅಕ್ಕ ಮಾತಾಡಿದರು. ಅಡಿಕೆಯ ಕೊಳೆ ರೋಗದ ಬಗ್ಗೆ! ಔಷಧಿ ಹೊಡೆದು ಒಣಗುವುದಕ್ಕೂ ಬಿಡಲಿಲ್ಲ ಈ ಮಳೆ, ಹೋದ ವರ್ಷ ಇಷ್ಟೊತ್ತಿಗೆ ಎರಡನೇ ಸಲದ್ದೂ ಮುಗಿದಿತ್ತು, ಮರ ಹತ್ತುವವರು ಸಿಗಲ್ಲ, ಈಗ ಎಲ್ಲರೂ ದೋಟಿ (ಕೆಳಗೆ ನಿಂತೇ ಔಷಧಿ ಹೊಡೆಯುವ ಉದ್ದನೆ ಕೋಲು) ಅಂತಾರೆ, ಅದಕ್ಕೆ ಎಷ್ಟು ದುಡ್ಡು ಗೊತ್ತಾ. ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ಮಗು ನನ್ನ ಮಡಿಲಲ್ಲಿ ಹೀಗಿರುವಾಗ ಇವರಿಗೆ ಅಡಿಕೆ ಚಿಂತೆಯಾ ಅಂತ. ಎಷ್ಟೋ ದಿನದ ಮೇಲೆ ಅವರ ಮಗಳು ಹೇಳಿದಳು, "ಅಮ್ಮ ಅಷ್ಟೊಂದು ಮಾತಾಡಿದ್ರಾ? ಮನೇಲಿ ದಿನಕ್ಕೆ ಹತ್ತು ಮಾತಾಡಿದ್ರೆ ಹೆಚ್ಚು." ಮಗುವಿನ ಉಸಿರಿನ ಸದ್ದು ನನ್ನ ಕಿವಿಗೆ ಬೀಳದಿರಲಿ ಅಂತ ಮಾಡಿದ್ದು ಅದು. ನಾನು ಈವರೆಗೂ ಅವರನ್ನು ಕೇಳಿಲ್ಲ, ಅವರೂ ಹೇಳಿಲ್ಲ.

ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ತೆಗೆದುಕೊಂಡು ಹೋದ ಮೇಲೆ ನನಗೆ ಕೈಕಾಲು ಆಡಲಿಲ್ಲ. ಬೆಂಗಳೂರಿನಲ್ಲಾಗಿದ್ದರೆ ಹತ್ತು ನಿಮಿಷದ ದಾರಿ. ಹಸಿರು, ಹೊಳೆ, ಒಳ್ಳೆ ಗಾಳಿ ಅಂತ ಮಗುವನ್ನು ಇಲ್ಲಿಗೆ ತಂದು ಹಾಕಿದೆವಲ್ಲ ಅಂತ ಏನೇನೋ ಒದರಿದೆ. ನಾಳೆಯೇ ಗಂಟು ಕಟ್ಟುತ್ತೇನೆ ಅಂದೆ. ಬೇರೆ ಯಾರೇ ಆಗಿದ್ದರೂ ಹಾಗೆಲ್ಲ ಅನ್ನಬೇಡ, ಎಲ್ಲ ಸರಿಹೋಗುತ್ತೆ ಅನ್ನುತ್ತಿದ್ದರು. ಅಕ್ಕ ಒದ್ದೆ ಸೆರಗು ಹಿಂಡುತ್ತಾ ಹೇಳಿದ್ದು ಇಷ್ಟು: "ಹೋಗ್ಬೇಕು ಅನ್ಸಿದ್ರೆ ಹೋಗು. ಯಾರೂ ಏನೂ ಅಂದ್ಕೊಳಲ್ಲ. ಅವನು ಹುಷಾರಾದ ಮೇಲೆ ಕೂತು ಯೋಚನೆ ಮಾಡು. ಈಗ ಬೇಡ." ಬೆಳಗ್ಗೆ ಇವರು ಬಂದು ಮುಟ್ಟುವ ತನಕ ನನ್ನ ಪಕ್ಕ ಬಿಟ್ಟು ಕದಲಲಿಲ್ಲ. ಮನೆಯಲ್ಲಿ ಹಾಲು ಕರೆಯೋಕೆ ಅವರೇ ಆಗಬೇಕಿತ್ತು ಅನ್ನೋದು ಆಮೇಲೆ ತಿಳಿಯಿತು.

ನಾವು ಉಳಿದಿದ್ದು ಆ ಮಾತಿಗೆ. ಹೊರಡುವಾಗ ಬೆಂಗಳೂರಿನವರು ಹುಚ್ಚಾ ನಿಮಗೆ ಅಂದಿದ್ದರು. ಇಲ್ಲಿಗೆ ಬಂದ ಮೇಲೆ ನೆಂಟರು, ನೋಡೋಣ ಎಷ್ಟು ದಿನ ಇರ್ತೀರಿ ಅಂದರು. ಗೆದ್ದು ತೋರಿಸಬೇಕು ಅನ್ನೋ ಹಠ ನಮಗೂ ಬಂದುಬಿಟ್ಟಿತ್ತು. ಹೋದರೂ ತಪ್ಪಿಲ್ಲ ಅಂದವರು ಅವರೊಬ್ಬರೇ. ಆಮೇಲೆ ಇಬ್ಬರೂ ನಿಧಾನಕ್ಕೆ ಕೂತು ಮಾತಾಡಿದೆವು. ಹಠ ಇರಲಿಲ್ಲ, ಹೆದರಿಕೆ ಸ್ವಲ್ಪ ಇತ್ತು, ಈಗಲೂ ಇದೆ. ಇನ್ವರ್ಟರ್ ಹಾಕಿಸಿದೆವು, ನಾನು ಕಾರು ಓಡಿಸೋಕೆ ಕಲಿತೆ, ಮಳೆಗಾಲದಲ್ಲಿ ಇವರು ಬೆಂಗಳೂರಿಗೆ ಹೋಗುವ ವಾರ ಯಾರಾದರೂ ಒಬ್ಬರು ಬಂದು ನಮ್ಮ ಜೊತೆ ಇರುತ್ತಾರೆ.

ಇದನ್ನು ಓದಿ ಹಳ್ಳಿ ಅಂದ್ರೆ ಹೀಗೆ, ಮನುಷ್ಯತ್ವ ಅಂದ್ರೆ ಹೀಗೆ ಅಂತ ಫಾರ್ವರ್ಡ್ ಮಾಡಬೇಡಿ ದಯವಿಟ್ಟು. ಪಕ್ಕದ ಮನೆಯಲ್ಲಿ ಓಮ್ನಿ ಇರೋದು, ಅದೂ ಆ ಹೊತ್ತಿಗೆ ಡೀಸೆಂಟಾಗಿ ಸ್ಟಾರ್ಟ್ ಆಗೋದು, ಆರೋಗ್ಯ ವ್ಯವಸ್ಥೆ ಅಲ್ಲ. ಮಕ್ಕಳ ಐಸಿಯು ಹುಡುಕಿಕೊಂಡು ಮಳೆಯಲ್ಲಿ ಜಿಲ್ಲಾಕೇಂದ್ರಕ್ಕೆ ಓಡುವ ಅಮ್ಮಂದಿರೆಲ್ಲರ ಮನೆ ಮೇಲೆ ಇಂಥ ಅಕ್ಕ ಇರುವುದಿಲ್ಲ.

ಅಕ್ಕನಿಗೆ ಸೀರೆ ತಂದೆ, ತಗೊಂಡು ಪೆಟ್ಟಿಗೆಯಲ್ಲಿಟ್ಟರು. ಬೇರೇನಾದರೂ ಬೇಕಾ ಅಂತ ಮೊನ್ನೆ ಕೇಳಿದ್ದಕ್ಕೆ, ಮಳೆ ಹಿಡಿಯುವ ಮುಂಚೆ ಅಡಿಕೆಗೆ ಔಷಧಿ ಹೊಡೀಬೇಕು, ಜನ ಇಲ್ಲ, ನಿನ್ನ ಯಜಮಾನರು ಡ್ರಮ್ಮಿನ ಹತ್ರ ನಿಲ್ತಾರಾ ಅಂದರು. ಒಂದು ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿಕೊಂಡು ಆಮೇಲೆ ಸೇರಿಸಬೇಕು. ಇವರು ಈಗಾಗಲೇ ಎರಡು ಸಲ ಬಾಯಿಪಾಠ ಒಪ್ಪಿಸಿದ್ದಾರೆ. ಇವರ ಟೀಮಿನವರು ಯಾರಾದರೂ ಓದುತ್ತಿದ್ದರೆ, ಶನಿವಾರ ಕಾಲ್ ಇಡಬೇಡಿ. ತೋಟದಲ್ಲಿ ನೆಟ್‌ವರ್ಕ್ ಸಿಗಲ್ಲ, ಸಿಕ್ಕರೂ ಅಕ್ಕ ಬಿಡಲ್ಲ.