ಕೀ ಮೇಲಿನ ಮನೆಯಲ್ಲಿತ್ತು

ಮ್ಯೂನಿಕ್
17 ನವೆಂಬರ್ 2024, ಭಾನುವಾರ

ಪ್ರೀತಿಯ ಅಮ್ಮ,

ನಾನು ಆರಾಮಾಗಿದ್ದೇನೆ. ನೀವೂ ಆರಾಮ ಅಂದುಕೊಂಡಿದ್ದೇನೆ. ನಿನ್ನ ಪತ್ರ ಗುರುವಾರ ಕೈ ಸೇರಿತು. ಫೋನಿನಲ್ಲಿ ಎಲ್ಲ ಸರಿ ಇದೆ ಅಂತಿದ್ದೆ, ಪತ್ರದಲ್ಲಿ ನೋಡಿದರೆ ಮನಸ್ಸಿನಲ್ಲಿ ಇಷ್ಟೆಲ್ಲ ಇಟ್ಟುಕೊಂಡಿದ್ದೀಯ.

ಅಪ್ಪನ ಕಣ್ಣಿನ ಪೊರೆ ಆಪರೇಷನ್ ಮುಂದಕ್ಕೆ ಹೋಗಿದ್ದಕ್ಕೆ ಅಷ್ಟು ಗಾಬರಿ ಬೇಡಮ್ಮ. ಸಕ್ಕರೆ ಜಾಸ್ತಿ ಇದ್ದಾಗ ಆಪರೇಷನ್ ಮಾಡಿದರೆ ಕಣ್ಣಿಗೆ ಸೋಂಕು ತಗಲುವ ಭಯ ಇರುತ್ತೆ, ಗಾಯ ಮಾಯೋದೂ ನಿಧಾನ. ಡಾಕ್ಟರು ವಾಪಸ್ ಕಳಿಸಿದ್ದು ಒಳ್ಳೇದೇ ಆಯಿತು. ದೀಪಾವಳಿ ಆದ ನಾಲ್ಕೇ ದಿನಕ್ಕೆ ಪರೀಕ್ಷೆ ಮಾಡಿಸಿದರೆ ಇನ್ನೇನು ಬರುತ್ತೆ ಹೇಳು. ಹೋಳಿಗೆ ಯಾರು ಎಷ್ಟು ತಿಂದರು ಅಂತ ನಾನು ಕೇಳಲ್ಲ.

ಆದರೆ ನೀನು ಬರೆದ ಒಂದು ಸಾಲು ಓದಿ ನನಗೆ ಸಂಕಟ ಆಯಿತು. "ದೊಡ್ಡ ಗಣಪತಿಗೆ ಹರಕೆ ಹೊತ್ತೂ ಹೀಗಾಯಿತು. ಲೋಕವೆಲ್ಲ ನೋಡಿಕೊಳ್ಳೋ ದೇವರಿಗೆ ನಿಮ್ಮಪ್ಪನ ಸಕ್ಕರೆ ಲೆಕ್ಕ ಯಾಕೆ ಬೇಕು" ಅಂತ. ಬೇಕು ಅಂತ ನನಗೆ ಕಲಿಸಿದವಳೇ ನೀನಲ್ವಾ? ಗಾಂಧಿ ಬಜಾರಿನಲ್ಲಿ ಕೊನೇ ಮೊಳ ಮಲ್ಲಿಗೆ ಸಿಕ್ಕರೂ "ನಮಗೆ ಅಂತಲೇ ಇಟ್ಟಿದ್ದ" ಅಂತಿದ್ದೆ. ಮಳೆ ಹನಿಯೋ ಮುಂಚೆ ಒಣಗಿದ ಬಟ್ಟೆ ತೆಗೆದರೆ, ನೆನಪು ಮಾಡಿದ್ದು ಅವನೇ ಅಂತಿದ್ದೆ.

ಹೋದ ಭಾನುವಾರ ನಡೆದಿದ್ದು ಹೇಳ್ತೀನಿ. ನಿನಗೆ ಹೆದರಿಕೆ ಆಗುತ್ತೆ ಅಂತ ಫೋನಿನಲ್ಲಿ ಹೇಳಿರಲಿಲ್ಲ. ಇಲ್ಲಿನ ಮನೆ ಬಾಗಿಲಿಗೆ ಹೊರಗಡೆ ತಿರುಗಿಸೋ ಹಿಡಿ ಇರಲ್ಲ, ಸುಮ್ನೆ ಒಂದು ಗುಂಡು ಇರುತ್ತೆ. ಬಾಗಿಲು ಹಾಕಿಕೊಂಡರೆ ಕೀ ಇಲ್ಲದೆ ತೆಗೆಯೋಕೆ ಆಗಲ್ಲ. ನಾನು ಕಸ ಹಾಕೋಕೆ ಮನೆ ಚಪ್ಪಲಿಯಲ್ಲೇ ಕೆಳಗೆ ಹೋಗಿದ್ದೆ. ವಾಪಸ್ ಬಂದರೆ ಬಾಗಿಲು ಮುಚ್ಚಿದೆ. ಕೀ, ಫೋನು, ಸ್ವೆಟರ್ ಎಲ್ಲ ಒಳಗೆ. ಭಾನುವಾರ ಇಲ್ಲಿ ಅಂಗಡಿಗಳೂ ಮುಚ್ಚಿರುತ್ತವೆ. ಬೀಗ ತೆಗೆಯೋನನ್ನ ಕರೆಸಿದರೆ ರಜಾದಿನ ಅಂತ ನೂರಾರು ಯೂರೋ ಕೇಳ್ತಾನೆ. ಮೆಟ್ಟಿಲ ಹತ್ತಿರ ನಿಂತು ಕೈ ಉಜ್ಜಿಕೊಂಡೆ. ಅಳು ಬಂದೇಬಿಟ್ಟಿತು.

ಆಗ ನೆನಪಾಯಿತು, ಒಂದು ಕೀ ಮೇಲಿನ ಮನೆ ಅಜ್ಜಿ ಹತ್ತಿರ ಇದೆ! ಯಾವಾಗ ಕೊಟ್ಟಿದ್ದು ಗೊತ್ತಾ? ಅದರ ಹಿಂದಿನ ಶುಕ್ರವಾರ. ಯಾಕೆ ಕೊಟ್ಟಿದ್ದು? "ನಾವು ಪದ್ಮಕ್ಕನ ಮನೆಯಲ್ಲಿ ಇಟ್ಟ ಹಾಗೆ ನೀನೂ ಯಾರ ಹತ್ತಿರನಾದರೂ ಒಂದು ಕೀ ಇಟ್ಟಿರು" ಅಂತ ನೀನು ತಿಂಗಳಿಂದ ಹೇಳಿ ಹೇಳಿ ಸಾಕು ಮಾಡಿದ್ದಕ್ಕೆ. ಅಜ್ಜಿ ಬಾಗಿಲು ತೆಗೆದು, ನನ್ನ ಕಾಲು ನೋಡಿ, ಮೊದಲು ಉಣ್ಣೆ ಸಾಕ್ಸ್ ಕೊಟ್ಟರು. ಕೀ ಆಮೇಲೆ. ಬಿಸಿ ಟೀ ಕುಡಿಸಿಯೇ ಕಳಿಸಿದರು. ಇಲ್ಲಿಯವರು ಬಿಗಿ, ಯಾರೂ ಯಾರಿಗೂ ಇಲ್ಲ ಅಂತ ದೊಡ್ಡಪ್ಪ ಹೇಳ್ತಾರಲ್ಲ, ಅವರಿಗೆ ಇದನ್ನು ಓದಿ ಹೇಳು.

ನಾನು ಮರೆಯದ ಹಾಗೆ ದೇವರು ಮಾಡಲಿಲ್ಲ ಅಮ್ಮ. ಮರೀತೀನಿ ಅಂತ ಗೊತ್ತಿದ್ದು, ಎರಡು ದಿನ ಮೊದಲೇ ಕೀ ಮೇಲಿನ ಮನೆಗೆ ಸೇರಿಸಿದ್ದ, ಅದೂ ನಿನ್ನ ಬಾಯಿಂದ ಹೇಳಿಸಿ. ಅಪ್ಪನ ವಿಷಯದಲ್ಲೂ ಹಾಗೇ ಯೋಚನೆ ಮಾಡು. ಆ ದಿನ ಆಪರೇಷನ್ ಆಗಿದ್ದರೆ ರವಿ ಊರಲ್ಲಿ ಇರಲಿಲ್ಲ, ನೀನೊಬ್ಬಳೇ ಆಟೋದಲ್ಲಿ ಕರೆದುಕೊಂಡು ಬರಬೇಕಿತ್ತು. ಈಗ ಆಪರೇಷನ್ ಇರೋ 28ಕ್ಕೆ ಅವನು ಇರ್ತಾನೆ, ಕಾರೂ ಇರುತ್ತೆ. ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ ಅಂತ ನಮ್ಮ ಅಜ್ಜಿ ಹೇಳ್ತಿದ್ದರು, ನೆನಪಿದೆಯಾ?

25ಕ್ಕೆ ಕಡಲೆಕಾಯಿ ಪರಿಷೆ ಬೇರೆ ಇದೆ. ಅಪ್ಪನನ್ನು ಸಂಜೆ ಆ ನೂಕುನುಗ್ಗಲಿಗೆ ಕಳಿಸಬೇಡ, ಕಣ್ಣು ಮಂಜು. ಬೆಳಗ್ಗೆ ಬೇಗ ಹೋಗಿ ಬಸವಣ್ಣನಿಗೆ ಕೈಮುಗಿದು ಬನ್ನಿ. ಬೇಯಿಸಿದ ಕಡಲೆಕಾಯಿ ಒಂದು ಹಿಡಿ ತಿನ್ನಲಿ. ಬತ್ತಾಸು, ಕಲ್ಯಾಣ ಸೇವೆ ಅಂತ ಸಿಹಿ ಮುಟ್ಟಲೇಬಾರದು. ಮಾತ್ರೆ ಎದುರಿಗೇ ನುಂಗಿಸು. ಆಪರೇಷನ್ ಆದ ಮೇಲೆ ಡ್ರಾಪ್ಸ್ ಹಾಕೋ ಮುಂಚೆ ಕೈ ಸೋಪಿನಲ್ಲಿ ತೊಳಿ, ಕಣ್ಣಿಗೆ ನೀರು ಬೀಳದ ಹಾಗೆ ನೋಡಿಕೋ. ಹಣ ಶುಕ್ರವಾರವೇ ಕಳಿಸಿದ್ದೇನೆ. ನನಗೆ ಏನೂ ಕಷ್ಟ ಇಲ್ಲ, ನಿಜವಾಗಿಯೂ ಇಲ್ಲ. ಫ್ರಿಜ್ ತುಂಬ ತರಕಾರಿ ಇದೆ, ಹೀಟರ್ ಚೆನ್ನಾಗಿದೆ, ಕೆಮ್ಮು ಪೂರ್ತಿ ಹೋಯಿತು.

ಫೋನ್ ತಡವಾಗಿ ಬರುತ್ತೆ ಅಂತ ಬೇಜಾರಾಗಬೇಡ. ಅಕ್ಟೋಬರ್ ಕೊನೇ ಭಾನುವಾರ ಇಲ್ಲಿ ಎಲ್ಲರೂ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ. ನಮ್ಮ ನಡುವೆ ಈಗ ಮೂರೂವರೆ ಅಲ್ಲ, ನಾಲ್ಕೂವರೆ ಗಂಟೆ. 28ಕ್ಕೆ ನಾನು ಬೆಳಗಿನ ಜಾವ ಎದ್ದು ದೀಪ ಹಚ್ಚಿ ಕೂತಿರ್ತೀನಿ. ಅಪ್ಪ ಒಳಗೆ ಹೋದ ತಕ್ಷಣ ರವಿಗೆ ಒಂದು ಮೆಸೇಜ್ ಹಾಕೋಕೆ ಹೇಳು.

ಕುಕ್ಕರ್ ಮೂರು ಸಲ ಕೂಗಿತು. ಅಪ್ಪನಿಗೆ ನಮಸ್ಕಾರ.

ನಿನ್ನ ಮಗಳು,
ಸುಮ

ಪದ್ಮಕ್ಕನ ಹತ್ತಿರ ಇರೋ ಕೀ ಅಲ್ಲೇ ಇರಲಿ, ವಾಪಸ್ ತಗೋಬೇಡ.